ಆಲೂಗಡ್ಡೆ ಕೊಳೆತಾಗ ಕೈಗೆ ಬಂದ ಕ್ರೋಶಾ ಸೂಜಿ

ಕ್ರೋಶಾ ಹಾಕಲು ಬರುವವರನ್ನು ಕೇಳಿ ನೋಡಿ. ನೇರವಾಗಿ ಹೋಗಿ ವಾಪಸ್ ಬರುವ ಸಾಲು ಸುಲಭ. ಬಳ್ಳಿಯಂತೆ ಬಾಗುವ ಸುರುಳಿ, ತುದಿ ಮಡಿಚಿದ ಎಲೆ, ಎಸಳು ಎದ್ದು ನಿಂತ ಹೂವು ಹಾಕಬೇಕೆಂದರೆ ಕೈ ಪಳಗಿರಬೇಕು. ಇಂಥ ಬಾಗಿದ ಆಕಾರಗಳನ್ನು ಒಂದೊಂದಾಗಿ ಹಾಕಿಟ್ಟುಕೊಂಡು, ಆಮೇಲೆ ಮನಸ್ಸಿಗೆ ಬಂದಂತೆ ಜೋಡಿಸಿ ಶಾಲು, ಕೋಟು, ಗೋಡೆಗೆ ತೂಗುಹಾಕುವ ಚಿತ್ರ ಮಾಡುವವರು ಈಗ ಯೂಟ್ಯೂಬಿನಲ್ಲಿ ಬೇಕಾದಷ್ಟಿದ್ದಾರೆ. ಇದಕ್ಕೆ ಫ್ರೀಫಾರ್ಮ್ ಅನ್ನುತ್ತಾರೆ. ನೋಡಲು ಹೊಸ ಫ್ಯಾಶನ್. ಆದರೆ ತುಂಡು ತುಂಡಾಗಿ ಹೆಣೆದು ಕೂಡಿಸುವ ಈ ಪದ್ಧತಿ ಬೆಳೆದದ್ದು ಐರ್ಲೆಂಡಿನಲ್ಲಿ, ಜನ ಹಸಿವಿನಿಂದ ಸಾಯುತ್ತಿದ್ದ ವರ್ಷಗಳಲ್ಲಿ.

ಹಾಸನದ ಕಡೆ ಆಲೂಗಡ್ಡೆ ಬೆಳೆಯುವವರಿಗೆ ಅಂಗಮಾರಿ ರೋಗದ ಪರಿಚಯ ಮಾಡಿಕೊಡಬೇಕಿಲ್ಲ. ಮೋಡ ಕವಿದು ಜಿನುಗು ಮಳೆ ಹಿಡಿದರೆ ಕೆಲವೇ ದಿನಗಳಲ್ಲಿ ಹಸಿರು ಹೊಲ ಕಪ್ಪಾಗುತ್ತದೆ. ಅದೇ ರೋಗ 1845ರಲ್ಲಿ ಐರ್ಲೆಂಡಿಗೆ ಕಾಲಿಟ್ಟಿತು. ನಮಗೆ ಆಲೂಗಡ್ಡೆ ಪಲ್ಯಕ್ಕೆ, ಸಾಗುಗೆ. ಅಲ್ಲಿನ ಬಡವರಿಗೆ ಅದೇ ಮುಖ್ಯ ಊಟ. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಊರು ಬಿಟ್ಟು ಹಡಗು ಹತ್ತಿದರು. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷ ಇದ್ದ ದೇಶ 1851ರಲ್ಲಿ 65 ಲಕ್ಷಕ್ಕೆ ಇಳಿಯಿತು. ಅಷ್ಟರ ನಡುವೆಯೂ ಅಲ್ಲಿ ಬೆಳೆದ ಧಾನ್ಯ, ಸಾಕಿದ ದನ ಇಂಗ್ಲೆಂಡಿಗೆ ಸಾಗುತ್ತಲೇ ಇದ್ದವು. ಬರಗಾಲ ಎಂದರೆ ಅನ್ನವೇ ಇಲ್ಲದಿರುವುದು ಅಂತ ಯಾರಾದರೂ ಹೇಳಿದರೆ ಈ ಮಾತು ನೆನಪಿಸಿ.

ಗಂಡಸರಿಗೆ ಕೂಲಿ ಇಲ್ಲ, ಹೊಲದಲ್ಲಿ ಬೆಳೆ ಇಲ್ಲ. ಉಳಿದದ್ದು ಹೆಂಗಸರ ಕೈ. ದಕ್ಷಿಣದ ಕಾರ್ಕ್ ಊರಿನ ಬಳಿ ಉರ್ಸುಲೈನ್ ಮಠದ ಸನ್ಯಾಸಿನಿಯರು ಬಡ ಮಕ್ಕಳಿಗೆ ಕ್ರೋಶಾ ಕಲಿಸಿದರು. ಉತ್ತರದಲ್ಲಿ ಕ್ಲೋನಿಸ್ ಎಂಬ ಸಣ್ಣ ಪೇಟೆಗೆ 1847ರಲ್ಲಿ ಪಾದ್ರಿಯ ಹೆಂಡತಿಯಾಗಿ ಬಂದ ಕಸಾಂಡ್ರಾ ಹ್ಯಾಂಡ್, ಕಿಲ್ಡೇರ್ ಕಡೆಯಿಂದ ಒಬ್ಬ ಶಿಕ್ಷಕಿಯನ್ನು ಕರೆಸಿ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳಿಗೆ ಹೇಳಿಕೊಡಿಸಿದರು.

ಬೇರೆ ಕೆಲಸ ಬಿಟ್ಟು ಕ್ರೋಶಾನೇ ಯಾಕೆ? ಮಗ್ಗ ಬೇಡ, ಜಾಗ ಬೇಡ. ಒಂದು ಸೂಜಿಯನ್ನೋ ಗಟ್ಟಿ ತಂತಿಯನ್ನೋ ತುದಿ ಬಾಗಿಸಿ ಮರದ ಹಿಡಿಗೆ ಸಿಕ್ಕಿಸಿದರೆ ಕೊಕ್ಕೆ ತಯಾರು. ಜೊತೆಗೊಂದು ಹತ್ತಿ ದಾರದ ಉಂಡೆ. ಮಗು ಅತ್ತರೆ ಕೆಳಗಿಟ್ಟು ಎದ್ದುಹೋಗಬಹುದು, ಬಂದು ಬಿಟ್ಟಲ್ಲಿಂದಲೇ ಹಿಡಿಯಬಹುದು. ಕೊಳ್ಳುವ ಶ್ರೀಮಂತರಿಗೆ ಬೇಕಿದ್ದದ್ದು ಇಟಲಿಯ ವೆನಿಸ್ ಊರಿನ ಹಳೆಯ ಲೇಸು. ಉಬ್ಬಿದ ಹೂ, ದಪ್ಪ ಅಂಚಿನ ಸುರುಳಿ ತುಂಬಿದ ಆ ಲೇಸನ್ನು ಹೊಲಿಗೆ ಸೂಜಿಯಲ್ಲಿ ಮಾಡಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಐರಿಷ್ ಹೆಂಗಸರು ಅದೇ ನೋಟವನ್ನು ಕೊಕ್ಕೆಯಲ್ಲಿ ಎಷ್ಟೋ ಬೇಗ ತಂದರು.

ಬಳುಕು ತಂದ ಉಪಾಯ ಬಲು ಸರಳ. ನಾಲ್ಕಾರು ಎಳೆ ದಾರ ಸೇರಿಸಿ ಒಂದು ಹುರಿ ಮಾಡಿಕೊಳ್ಳುವುದು, ಆ ಹುರಿಯನ್ನು ಒಳಗಿಟ್ಟು ಅದರ ಮೇಲೇ ಒತ್ತೊತ್ತಾಗಿ ಕ್ರೋಶಾ ಹಾಕುವುದು. ಆಮೇಲೆ ಹುರಿ ಎಳೆದರೆ, ಲಂಗದ ಲಾಡಿ ಎಳೆದಾಗ ಬಟ್ಟೆ ಕೂಡಿಕೊಳ್ಳುವಂತೆ, ಪಟ್ಟಿ ಬಾಗುತ್ತದೆ. ಎಷ್ಟು ಎಳೆದರೆ ಅಷ್ಟು ಬಾಗು. ಒಳಗಿನ ಹುರಿಯೇ ಹೂವಿನ ಅಂಚಿಗೆ ಉಬ್ಬನ್ನೂ ಕೊಡುತ್ತದೆ. ಗುಲಾಬಿ, ಮೂರೆಲೆಯ ಶ್ಯಾಮ್ರಾಕ್, ದ್ರಾಕ್ಷಿ ಗೊಂಚಲು, ಜರೀಗಿಡದ ಎಲೆ, ಗಾಲಿ: ಎಲ್ಲವನ್ನೂ ಬಿಡಿಬಿಡಿಯಾಗಿ ಹಾಕಿ, ಮಾದರಿ ಬರೆದ ಬಟ್ಟೆಯ ಮೇಲೆ ಬೋರಲಾಗಿ ಮಲಗಿಸಿ, ಹಗುರ ಟಾಕು ಹಾಕುತ್ತಿದ್ದರು. ನಡುವಿನ ಖಾಲಿ ಜಾಗಕ್ಕೆ ಸರಪಳಿಯ ಬಲೆ. ಕೊನೆಗೆ ಟಾಕು ಕತ್ತರಿಸಿ ಬಟ್ಟೆ ಬಿಡಿಸಿದರೆ ಗಾಳಿಯಲ್ಲಿ ನಿಂತ ತೋಟ. ಬಲೆಯ ನಡುನಡುವೆ ಸಣ್ಣ ಉಂಡೆಯಂಥ ಗಂಟು ಕಂಡರೆ ಅದು ಕ್ಲೋನಿಸ್ ಗಂಟು, ಆ ಊರಿನ ಗುರುತು.

ಬಿಡಿ ತುಂಡುಗಳ ಈ ಕೆಲಸ ಹಲವು ಮನೆಗೆ ಹಂಚಿಕೆಯಾಯಿತು. ಒಂದು ಮನೆಯಲ್ಲಿ ಗುಲಾಬಿ ಮಾತ್ರ, ಇನ್ನೊಂದರಲ್ಲಿ ಎಲೆ ಮಾತ್ರ. ತಮ್ಮ ಹೂವಿನ ಲೆಕ್ಕ ಪಕ್ಕದ ಮನೆಗೂ ಗೊತ್ತಾಗದಂತೆ ಕಾಯ್ದುಕೊಂಡವರಿದ್ದರು. ಕಾಯಲೇಬೇಕಿತ್ತು. ಹೊಸ ಮಾದರಿಗೆ ಒಳ್ಳೆಯ ದುಡ್ಡು. ನಾಲ್ಕು ಜನ ನಕಲು ಮಾಡಿದ ಮೇಲೆ ಅದರ ಬೆಲೆ ಬಿದ್ದುಹೋಗುತ್ತಿತ್ತು. ಆ ದುಡ್ಡಿನಲ್ಲಿ ಗೇಣಿ ಕಟ್ಟಿದವರುಂಟು, ಅಮೆರಿಕದ ಹಡಗಿನ ಟಿಕೆಟ್ ಕೊಂಡವರುಂಟು. ಆದರೆ ಗುಲಾಬಿ ಹಾಕಿದವಳ ಕೈಯಲ್ಲಿ ಇರುತ್ತಿದ್ದದ್ದು ಬರೀ ಗುಲಾಬಿ. ಅದನ್ನು ಕೊರಳಪಟ್ಟಿಯೋ ಕೋಟೋ ಆಗಿ ಕೂಡಿಸಿ ಲಂಡನ್ನಿಗೆ, ಪ್ಯಾರಿಸ್ಸಿಗೆ ಮಾರುವವರು ಬೇರೆ. ದರ ಹೇಳುವವರು ಅವರೇ. ಸೀರೆಗೆ ಕುಚ್ಚು ಕಟ್ಟಿ ಕೊಡುವ ನಮ್ಮ ಹೆಣ್ಣುಮಕ್ಕಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಬೇಡಿಕೆ ಏರುತ್ತ ಇಳಿಯುತ್ತ 20ನೇ ಶತಮಾನದ ಆರಂಭದವರೆಗೂ ನಡೆಯಿತು. 1880ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್‌ನಲ್ಲಿ ಯಂತ್ರದವರು ಹೊಸ ದಾರಿ ಕಂಡುಕೊಂಡರು. ಬಟ್ಟೆಯ ಮೇಲೆ ಕಸೂತಿ ಹಾಕಿ, ರಾಸಾಯನಿಕದಿಂದ ಬಟ್ಟೆಯನ್ನೇ ಕರಗಿಸಿಬಿಟ್ಟರೆ ಕಸೂತಿ ಮಾತ್ರ ಉಳಿದು ಲೇಸಿನಂತೆ ಕಾಣುತ್ತದೆ. ಐರಿಷ್ ಕ್ರೋಶಾದ ನಕಲು ಹೀಗೆ ಅಗ್ಗವಾಗಿ ಬಂತು. ಮೊದಲ ಮಹಾಯುದ್ಧದ ಹೊತ್ತಿಗೆ ಕೈಲೇಸಿನ ದೊಡ್ಡ ವ್ಯಾಪಾರ ಮುಗಿಯಿತು.

ನಮಗೆ ಹತ್ತಿರದ ಕತೆಯೂ ಒಂದಿದೆ. ಆಂಧ್ರದ ಗೋದಾವರಿ ಸೀಮೆಯ ನರಸಾಪುರಕ್ಕೆ ಕ್ರೋಶಾ ಲೇಸು ಮಿಷನರಿಗಳ ಮೂಲಕ 19ನೇ ಶತಮಾನದಲ್ಲಿ ಬಂತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿನ ಹೆಂಗಸರ ಬಗ್ಗೆ 1982ರಲ್ಲಿ ಪುಸ್ತಕ ಬರೆದರು. ಅಲ್ಲೂ ಹೂ ಹಾಕುವವರು ಬೇರೆ, ಕೂಡಿಸುವವರು ಬೇರೆ. ಕೂಡಿಸುವ ಕೆಲಸಕ್ಕೆ ತೆಲುಗಿನಲ್ಲಿ ಅತುಕುಪನಿ ಅನ್ನುತ್ತಾರೆ. ವಿದೇಶಕ್ಕೆ ಹೋಗುವ ಮಾಲು ಮಾಡುತ್ತಿದ್ದರೂ ಎಲ್ಲರೂ ಅವರನ್ನು ಮನೆಯಲ್ಲಿ ಕೂತ ಗೃಹಿಣಿಯರು ಎಂದೇ ಲೆಕ್ಕ ಹಾಕುತ್ತಿದ್ದರು. ಸಿಗುತ್ತಿದ್ದ ದುಡ್ಡು ಹೊಲದ ಹೆಣ್ಣಾಳಿನ ಕನಿಷ್ಠ ಕೂಲಿಗಿಂತ ಕಡಿಮೆ.

ಇನ್ನು ಫ್ರೀಫಾರ್ಮ್. ಬ್ರಿಟನ್ನಿನ ಸಿಲ್ವಿಯಾ ಕಾಶ್ ಮತ್ತು ಜೇಮ್ಸ್ ವಾಲ್ಟರ್ಸ್ 20ನೇ ಶತಮಾನದ ಕೊನೆಯ ದಶಕಗಳಲ್ಲಿ ಇದನ್ನು ಬಹಳ ಜನಕ್ಕೆ ಕಲಿಸಿದರು. ಮಾದರಿ ಬರೆದ ಬಟ್ಟೆಯ ಕಟ್ಟುಪಾಡನ್ನು ಅವರು ಬಿಟ್ಟರು, ಬಣ್ಣಬಣ್ಣದ ಉಲ್ಲನ್ ತಂದರು. ಉಳಿದಂತೆ ಸುರುಳಿ ಅದೇ, ಎಲೆ ಅದೇ. ದೊಡ್ಡ ವ್ಯತ್ಯಾಸ ಒಂದೇ: ಇಲ್ಲಿ ಹೂ ಹಾಕಿದವಳೇ ಅದು ಎಲ್ಲಿ ಕೂರಬೇಕು ಎಂದು ಹೇಳುತ್ತಾಳೆ.

ಕೊಕ್ಕೆ ಮನೆಯಲ್ಲಿದ್ದರೆ ಇವತ್ತೇ ಮಾಡಿ ನೋಡಿ. ನಾಲ್ಕೆಳೆ ದಾರ ಸೇರಿಸಿ ಗೇಣುದ್ದದ ಹುರಿ ಮಾಡಿ, ಅದರ ಮೇಲೆ ಒತ್ತಾಗಿ ಇಪ್ಪತ್ತು ಮೂವತ್ತು ಕುಣಿಕೆ ಹಾಕಿ, ಒಂದು ತುದಿ ಹಿಡಿದು ಇನ್ನೊಂದನ್ನು ಮೆಲ್ಲಗೆ ಎಳೆಯಿರಿ. ಜೋರಾಗಿ ಎಳೆದರೆ ಮುದುಡಿಹೋಗುತ್ತದೆ, ಆಗ ಬೆರಳಲ್ಲಿ ತೀಡಿ ಸಡಿಲಿಸಿದರಾಯಿತು.