ಪಾತಾಳಗರಡಿ, ಸ್ಪಾರ್ಕ್ ಪ್ಲಗ್ಗು ಮತ್ತು ನಾಲ್ಕು ತಾಲ್ಲೂಕಿನ ನೀರು

ಬಾವಿಗೆ ಬಿದ್ದ ಕೊಡ ಎತ್ತೋ ಸಾಮಾನಿಗೆ ನಿಮ್ಮೂರಲ್ಲಿ ಏನಂತಾರೆ? ನಮ್ಮ ಮಧುಗಿರಿ ಕಡೆ ಪಾತಾಳಗರಡಿ ಅಂತಾರೆ. "ಪಾತಾಳಗರಡಿ ಹಾಕಿ ಹುಡುಕಿದ್ರೂ ಸಿಗಲ್ಲ" ಅನ್ನೋ ಮಾತು ಈಗಲೂ ಬಳಕೆಯಲ್ಲಿದೆ, ಆದ್ರೆ ಆ ಸಾಮಾನನ್ನು ಕಣ್ಣಾರೆ ಕಂಡವರು ನಮ್ಮ ವಯಸ್ಸಿನವರಲ್ಲಿ ಕಡಿಮೆ. ಒಂದು ಕಬ್ಬಿಣದ ಬಳೆ, ಅದಕ್ಕೆ ನೇತಾಡೋ ಗಿಡ್ಡ ಸರಪಳಿಗಳು, ಸರಪಳಿಗೆಲ್ಲ ಕೊಕ್ಕೆಗಳ ಗೊಂಚಲು. ಹಗ್ಗ ಕಟ್ಟಿ ಬಾವಿಗೆ ಇಳಿಸಿ, ತಳದಲ್ಲಿ ಮೆಲ್ಲಗೆ ತಿರುಗಿಸುತ್ತಾ ಬಂದ್ರೆ ಕೊಡದ ಕಂಠವೋ, ಬಕೆಟ್ಟಿನ ಹಿಡಿಯೋ ಯಾವುದಾದರೊಂದು ಕೊಕ್ಕೆಗೆ ಬೀಳುತ್ತೆ. ಕಣ್ಣಿಗೆ ಕಾಣದ್ದನ್ನು ಕೈಯಲ್ಲೇ ನೋಡೋ ವಿದ್ಯೆ ಅದು.

ನಮ್ಮಜ್ಜಿ ಹೇಳೋ ಪ್ರಕಾರ ಇಡೀ ಊರಿಗೆ ಇದ್ದದ್ದು ಎರಡೋ ಮೂರೋ ಗರಡಿ. ಕೇಳಿದರೆ ಇಲ್ಲ ಅನ್ನೋ ಹಾಗಿರಲಿಲ್ಲ, ಆದ್ರೆ ವಾಪಸ್ ಕೊಡೋವರೆಗೂ ಒಂದು ಚೊಂಬು ಅಡವಿಡಬೇಕಿತ್ತು. ಕೊಡ ಎತ್ತೋಕೆ ಚೊಂಬು ಅಡ! ಈಗಿನ ಕ್ಲೌಡ್ ಸರ್ವಿಸ್‌ಗಳಿಗಿಂತ ಒಳ್ಳೇ ಬಾಡಿಗೆ ಪದ್ಧತಿ ಅನ್ನಿ :-)

ಇದೆಲ್ಲ ನೆನಪಾಗಿದ್ದಕ್ಕೆ ಕಾರಣ ಗಾಳ. ನನ್ನ ಚಿಕ್ಕಪ್ಪನ ಮಗನಿಗೆ ಮೀನು ಹಿಡಿಯೋ ಹುಚ್ಚು. ಮೊದಲೆಲ್ಲ ಬಿದಿರ ಕಡ್ಡಿ, ಬೆಂಡು, ಎರೆಹುಳ. ಈಗ ಆನ್‌ಲೈನಲ್ಲಿ ತರಿಸಿದ ಪ್ಲಾಸ್ಟಿಕ್ ಮೀನಿನ ಗಾಳ, ಒಂದೊಂದಕ್ಕೂ ನೂರಾರು ರೂಪಾಯಿ. ಅದು ಕೆರೆಯೊಳಗೆ ಯಾವುದೋ ಕೊಂಬೆಗೆ ಸಿಕ್ಕಿಕೊಂಡ್ರೆ ದಾರ ಕತ್ತರಿಸೋದೊಂದೇ ದಾರಿ. "ಇಂಜಿನಿಯರ್ ಅಲ್ವಾ ನೀನು, ಏನಾದ್ರೂ ಮಾಡಣ್ಣ" ಅಂದ.

ಕೆರೆಯೊಳಗೆ ಕೊಂಬೆ ಎಲ್ಲಿಂದ ಬಂತು ಅನ್ನೋದೇ ಒಂದು ಇತಿಹಾಸ. ಅದು ಬಳ್ಳಾರಿ ಜಾಲಿ. ಮೆಕ್ಸಿಕೋ, ದಕ್ಷಿಣ ಅಮೆರಿಕ ಸೀಮೆಯ ಈ ಗಿಡವನ್ನು ಬ್ರಿಟಿಷರು 1870ರ ದಶಕದಲ್ಲಿ ಸೌದೆಗೋಸ್ಕರ ಭಾರತಕ್ಕೆ ತಂದರು. ಮೊದಲು ಬಿತ್ತಿದ ಜಾಗಗಳಲ್ಲಿ ಪಾವಗಡದಿಂದ ಬಹಳ ದೂರವೇನಲ್ಲದ ಕಡಪಾ ಸೀಮೆಯೂ ಒಂದು. ಮಳೆ ಕೈಕೊಟ್ಟು ಕೆರೆಗಳು ವರ್ಷಗಟ್ಟಲೆ ಒಣಗಿದಾಗ ಜಾಲಿ ಕೆರೆಯಂಗಳಕ್ಕೇ ಇಳಿಯಿತು. 2022ರ ಮಳೆಗೆ ನಮ್ಮ ಕಡೆ ಎಷ್ಟೋ ಕೆರೆಗಳು ತುಂಬಿ ಕೋಡಿ ಬಿದ್ದವಲ್ಲ, ಆಗ ಆ ಕಾಡೆಲ್ಲ ನಿಂತಲ್ಲೇ ಮುಳುಗಿತು. ಬರಗಾಲದ ಮುಳ್ಳು ಈಗ ನೀರೊಳಗಿದ್ದುಕೊಂಡು ಗಾಳ ಹಿಡೀತಿದೆ.

ಸಿಕ್ಕಿದ ಗಾಳ ಎಳೆದಷ್ಟೂ ಯಾಕೆ ಬಿಗಿಯಾಗುತ್ತೆ? ಗಾಳದ ಮೊನೆ ಇರೋದೇ ನಮ್ಮ ಕಡೆಗೆ ಎಳೆದಾಗ ಚುಚ್ಚೋ ಹಾಗೆ. ಬಿಡಿಸಬೇಕಂದ್ರೆ ಹಿಂದಕ್ಕೆ ತಳ್ಳಬೇಕು. ಆದರೆ ದಾರದಿಂದ ಎಳೆಯಬಹುದೇ ಹೊರತು ತಳ್ಳೋಕಾಗಲ್ಲ. ಇದಕ್ಕೆ ಹಿಂದಿನ ಕಾಲದ ಇಂಗ್ಲೆಂಡಿನ ಗಾಳಗಾರರು ಬಳಸುತ್ತಿದ್ದ ಉಪಾಯ ಭಾರದ ಬಳೆ. ದಾರವನ್ನು ಬಿಗಿ ಹಿಡಿದು ಬಳೆಯನ್ನು ಅದರ ಗುಂಟ ಜಾರಿಬಿಟ್ಟರೆ ಅದು ಹೋಗಿ ಗಾಳಕ್ಕೆ ಗುದ್ದುತ್ತೆ, ಮೊನೆ ಹಿಂದಕ್ಕೆ ಸರಿಯುತ್ತೆ. ಈಗ ಜಗತ್ತಿನ ಬಡ ಗಾಳಗಾರರ ಬಳೆ ಅಂದ್ರೆ ಬೈಕಿನ ಹಳೇ ಸ್ಪಾರ್ಕ್ ಪ್ಲಗ್ಗು. ಅದರ ತುದಿಯ ಬಾಗಿದ ಕೊಂಡಿಗೆ ತಂತಿಯ ಉಂಗುರ ಸಿಕ್ಕಿಸಿ, ಉಂಗುರವನ್ನು ದಾರಕ್ಕೆ ಹಾಕಿದರೆ ಆಯ್ತು. ಖರ್ಚು ಸೊನ್ನೆ.

ಆದ್ರೆ ಪ್ಲಗ್ಗು ಜಾರೋದು ದಾರ ಇಳಿಜಾರಾಗಿದ್ದಾಗ ಮಾತ್ರ. ದೋಣಿಯಲ್ಲಿ ಕೂತವರಿಗೆ ಸರಿ, ಕೆರೆ ಏರಿ ಮೇಲೆ ನಿಂತವರಿಗೆ ಅಷ್ಟಕ್ಕಷ್ಟೇ. ಅದಕ್ಕೇ ಎರಡನೆಯದು ಮಾಡಿದ್ವಿ. ಒಂದು ಗೇಣು ಜಿಐ ಪೈಪು, ಅದರೊಳಗೆ ನಾಲ್ಕು ತಂತಿ, ಸಂದಿಗೆ ಸಿಮೆಂಟು, ಹೊರಗೆ ಬಂದ ತುದಿಗಳನ್ನು ನಾಲ್ಕು ದಿಕ್ಕಿಗೆ ಬಗ್ಗಿಸಿದರೆ ಕೊಕ್ಕೆ. ಬೇರೆ ಹಗ್ಗಕ್ಕೆ ಕಟ್ಟಿ, ಗಾಳದಾಚೆ ಎಸೆದು, ಕೊಂಬೆ ಸಮೇತ ಎಳೆಯೋದು. ತಂತಿ ಮೆತ್ತಗಿರಬೇಕು, ಹಗ್ಗ ಗಟ್ಟಿಯಿರಬೇಕು. ಕೊಕ್ಕೆಯೇ ಸಿಕ್ಕಿಕೊಂಡ್ರೆ ಜೋರಾಗಿ ಎಳೆದಾಗ ನೆಟ್ಟಗಾಗಿ ಬಿಟ್ಟುಕೊಂಡು ಬರಬೇಕು, ಆಮೇಲೆ ಮತ್ತೆ ಬಗ್ಗಿಸಿಕೊಂಡರಾಯ್ತು. ಯಾವ ಭಾಗ ಮೊದಲು ಸೋಲಬೇಕು ಅಂತ ನಾವೇ ತೀರ್ಮಾನ ಮಾಡೋದು ಇಂಜಿನಿಯರಿಂಗಿನ ಹಳೇ ಪಾಠ. ಇದನ್ನು ನೋಡಿ ನಮ್ಮಜ್ಜಿ ಹೇಳಿದ್ದು ಒಂದೇ ಮಾತು: "ಇದು ಪಾತಾಳಗರಡಿ ಅಲ್ವೇನೋ!"

ಹೌದಲ್ಲ ಅನ್ನಿಸ್ತು. ಹಾಗಾದ್ರೆ ಆ ಗರಡಿ ನಮ್ಮೂರಿಂದ ಕಾಣೆಯಾಗಿದ್ದು ಯಾಕೆ? ಇದಕ್ಕೆ ಉತ್ತರ ನೀರಿನ ಆಳದಲ್ಲಿದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿಗೆ ವಿಶೇಷವಾದ ಒಂದು ಜಲಮೂಲ ತಲಪರಿಗೆ. ಕೆರೆಯ ಆಸುಪಾಸಿನಲ್ಲಿ, ಹಳ್ಳದ ಮರಳಿನಲ್ಲಿ ನೀರು ತಾನೇ ಜಿನುಗೋ ಜಾಗ. ಕೆಲವೇ ಅಡಿ ತೋಡಿದರೆ ಊಟೆ. ಅಲ್ಲಿಂದ ಕಾಲುವೆ ಮಾಡಿ ಗದ್ದೆಗೆ ಹರಿಸುತ್ತಿದ್ದರು, ಹೂಳು ತೆಗೆಯೋ ಕೆಲಸ ಅಚ್ಚುಕಟ್ಟಿನ ರೈತರೆಲ್ಲರದು. ಈ ತಲಪರಿಗೆಗಳನ್ನು ಊರೂರು ಅಲೆದು ದಾಖಲಿಸಿದವರು ತುಮಕೂರಿನ ಮಲ್ಲಿಕಾರ್ಜುನ ಹೊಸಪಾಳ್ಯ. ಬಗ್ಗಿ ಬೊಗಸೆಯಲ್ಲಿ ಮೊಗೆಯೋ ನೀರಿಗೆ ಗರಡಿ ಬೇಕಿಲ್ಲ, ಚೊಂಬು ಬಿದ್ದರೆ ಕೈ ಹಾಕಿದರೆ ಸಿಗುತ್ತೆ.

ಕಟ್ಟಿದ ಬಾವಿಯ ಆಳಕ್ಕೆ ಗರಡಿ ಬೇಕಾಯ್ತು. 1966-67ರ ಬರದ ನಂತರ ಯುನಿಸೆಫ್ ಗಟ್ಟಿ ಬಂಡೆ ಕೊರೆಯೋ ಯಂತ್ರಗಳನ್ನು ಭಾರತಕ್ಕೆ ತಂದಿತು. ಬಯಲುಸೀಮೆಯಲ್ಲಿ ಕೊಳವೆಬಾವಿಯ ಕಾಲ ಶುರುವಾಯ್ತು. ಕುಡಿಯೋ ನೀರಿಗೆ ಬಂದದ್ದು ತೋಟಕ್ಕೂ ಇಳಿಯಿತು. ತೆರೆದ ಬಾವಿ ಬತ್ತಿತು, ತಲಪರಿಗೆ ಬತ್ತಿತು, ಬೋರು ಸಾವಿರ ಅಡಿ ದಾಟಿತು. ಪಾವಗಡದಲ್ಲಿ ಆ ಆಳದಿಂದ ನೀರಿನ ಜೊತೆ ಫ್ಲೋರೈಡೂ ಬಂತು. ಬತ್ತಿದ ಬಾವಿಗೆ ಕೊಡ ಬೀಳಲ್ಲ, ಗರಡಿ ಗುಜರಿಗೆ ಹೋಯ್ತು.

ಬೋರಿನಲ್ಲೂ ಸಾಮಾನು ಸಿಕ್ಕಿಕೊಳ್ಳುತ್ತೆ. ಕೊರೆಯೋವಾಗ ಕಳೆದುಹೋದ ಸಾಮಾನನ್ನು ಮೇಲೆತ್ತೋ ಕೆಲಸಕ್ಕೆ ಡ್ರಿಲ್ಲಿಂಗ್ ಭಾಷೆಯಲ್ಲಿ "ಫಿಶಿಂಗ್" ಅಂತಲೇ ಹೆಸರು! ಮೋಟಾರ್ ಎತ್ತೋ ಮೆಕ್ಯಾನಿಕ್ಕುಗಳು ಇವತ್ತಿಗೂ ತಮ್ಮ ಕೊಕ್ಕೆಗಳನ್ನು ತಾವೇ ಬೆಸುಗೆ ಹಾಕಿ ಮಾಡಿಕೊಳ್ತಾರೆ. ಗರಡಿ ಪೂರ್ತಿ ಸತ್ತಿಲ್ಲ, ಆರೂವರೆ ಅಂಗುಲಕ್ಕೆ ಸಣ್ಣಗಾಗಿದೆ ಅಷ್ಟೆ.

ಆದ್ರೆ ಅದೇ ಆರೂವರೆ ಅಂಗುಲದ ಬಾಯಿಗೆ ಮಕ್ಕಳೂ ಬೀಳ್ತಾರೆ. 2014ರಲ್ಲಿ ಬಾಗಲಕೋಟೆಯ ಸೂಳಿಕೇರಿ, 2017ರಲ್ಲಿ ಅಥಣಿಯ ಝುಂಜರವಾಡ, ಎರಡೂ ಕಡೆ ಮಗು ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪಕ್ಕದಲ್ಲೇ ಗುಂಡಿ ತೋಡಿ ಸುಮಾರು 20 ಗಂಟೆಯಲ್ಲಿ ಎರಡು ವರ್ಷದ ಕಂದನನ್ನು ಜೀವಂತ ತೆಗೆದರು. ಕೊಡಕ್ಕೆ ಕಂಠವಿದೆ, ಮೋಟಾರಿಗೆ ಪೈಪಿದೆ. ಮಗುವನ್ನು ಯಾವ ಕೊಕ್ಕೆಯಿಂದ ಹಿಡಿಯೋದು?

ಇಲ್ಲಿ ಬೇಕಾಗಿರೋ ಸಾಮಾನು ಎತ್ತುವಂಥದ್ದಲ್ಲ, ಮುಚ್ಚುವಂಥದ್ದು. ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ: ಕೇಸಿಂಗಿಗೆ ಭದ್ರವಾದ ಮುಚ್ಚಳ, ಸುತ್ತ ಸಿಮೆಂಟ್ ಕಟ್ಟೆ, ಕೈಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಜೇಡಿ, ಮರಳು, ಕಲ್ಲಿನಿಂದ ತುಂಬಬೇಕು. ಕೊರೆಸೋಕೆ ಲಕ್ಷಗಟ್ಟಲೆ ಸುರಿಯೋ ನಾವು ಮುಚ್ಚಳದ ಹತ್ತಿರ ಬಂದಾಗ ಜಿಪುಣರಾಗ್ತೀವಿ.

ಈ ಸಲ ಊರಿಗೆ ಹೋದಾಗ ಎರಡು ಕೆಲಸ ಮಾಡಿ. ಅಟ್ಟದ ಮೇಲೆ ಗರಡಿ ಇದ್ದರೆ ಗುಜರಿಗೆ ಹಾಕಬೇಡಿ, ಒಂದು ಫೋಟೋ ತೆಗೆದಿಡಿ, ನಿಮ್ಮ ಕಡೆಯ ಹೆಸರು ನನಗೂ ತಿಳಿಸಿ. ಆಮೇಲೆ ಹೊಲದ ಕಡೆ ಒಂದು ಸುತ್ತು ಹೋಗಿ, ಬಾಯಿ ತೆರೆದಿರೋ ಬೋರು ಎಷ್ಟಿವೆ ಎಣಿಸಿ. ಎಣಿಸಿ ಸುಮ್ಮನೆ ಬರಬೇಡಿ, ಮುಚ್ಚಿಸಿ ಬನ್ನಿ.