ಬೇಲಿಯೇ ಎದ್ದು ಹೊಲ ಮೇಯ್ದರೆ

ಕಾಲಿಗೆ ಮುಳ್ಳು ಚುಚ್ಚಿ ಒಳಗೇ ಮುರಿದರೆ ಏನಾಗುತ್ತದೆ? ಮರುದಿನ ಆ ಜಾಗ ಕೆಂಪಗಾಗುತ್ತದೆ, ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಕ್ರಿಸ್ತಶಕ ಮೊದಲ ಶತಮಾನದಲ್ಲೇ ರೋಮಿನ ಸೆಲ್ಸಸ್ ಎಂಬ ಲೇಖಕ ಈ ನಾಲ್ಕು ಲಕ್ಷಣಗಳನ್ನು ಬರೆದಿಟ್ಟಿದ್ದ. ಇದೇ ಉರಿಯೂತ. ಇದೊಂದು ಕೇಡು ಎಂದೇ ಬಹಳ ಕಾಲ ಅನೇಕ ವೈದ್ಯರು ಎಣಿಸಿದ್ದರು.

ಆ ಎಣಿಕೆಯನ್ನು ಬದಲಿಸಿದ್ದೂ ಒಂದು ಮುಳ್ಳೇ! 1882ರಲ್ಲಿ ರಷ್ಯಾ ಸಾಮ್ರಾಜ್ಯದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಇಟಲಿಯ ಮೆಸ್ಸಿನಾ ಪಟ್ಟಣದಲ್ಲಿದ್ದ. ಮನೆಯವರೆಲ್ಲ ಕೋತಿಗಳ ಆಟ ನೋಡಲು ಸರ್ಕಸ್ಸಿಗೆ ಹೋಗಿದ್ದ ಒಂದು ದಿನ, ಅವನೊಬ್ಬನೇ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದ. ನಕ್ಷತ್ರ ಮೀನಿನ ಗಾಜಿನಂಥ ಪಾರದರ್ಶಕ ಮರಿಯೊಳಗೆ ಕೆಲವು ಜೀವಕೋಶಗಳು ಅಲೆದಾಡುತ್ತಿದ್ದವು. ಈ ಅಲೆಮಾರಿಗಳು ದೇಹದ ಕಾವಲುಗಾರರಾಗಿರಬಹುದೇ? ಹಾಗಿದ್ದರೆ ಗಾಯವಾದಲ್ಲಿಗೆ ಅವು ಧಾವಿಸಬೇಕು. ಕೈತೋಟದಿಂದ ಗುಲಾಬಿ ಮುಳ್ಳು ತಂದು ಮರಿಗೆ ಚುಚ್ಚಿದ. ರಾತ್ರಿಯಿಡೀ ಅವನಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ನೋಡಿದರೆ ಆ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು! ಉರಿಯೂತವೆಂದರೆ ದೇಹದ ರಕ್ಷಣಾಕಾರ್ಯ ಎಂಬ ವಾದಕ್ಕೆ ಬುನಾದಿ ಸಿಕ್ಕಿತು. ರೋಗಾಣುಗಳನ್ನು ನುಂಗುವ ಈ ಭಕ್ಷಕಕೋಶಗಳ ಕುರಿತ ಕೆಲಸಕ್ಕಾಗಿ 1908ರಲ್ಲಿ ಅವನಿಗೆ ಪಾಲ್ ಎರ್ಲಿಕ್ ಜೊತೆ ನೊಬೆಲ್ ಬಹುಮಾನ ಬಂದಿತು.

ಮೆಚ್ನಿಕಾಫ್ ಮುಂದೆ ಮುಪ್ಪಿನ ಬಗ್ಗೆಯೂ ಯೋಚಿಸಿದ. ಮುಪ್ಪಿನ ಅಧ್ಯಯನಕ್ಕೆ 1903ರಲ್ಲಿ ಜೆರಂಟಾಲಜಿ ಎಂಬ ಹೆಸರಿಟ್ಟವನೂ ಅವನೇ. ವಯಸ್ಸಾದಂತೆ ಕಾವಲುಕೋಶಗಳು ನಮ್ಮದೇ ಅಂಗಾಂಶಗಳನ್ನು ಕಬಳಿಸತೊಡಗುತ್ತವೆ ಎಂಬುದು ಅವನ ತರ್ಕ. ನಮ್ಮ ಗಾದೆಯ ಮಾತಿನಲ್ಲಿ, ಬೇಲಿಯೇ ಎದ್ದು ಹೊಲ ಮೇಯುವುದು! ಇದಕ್ಕೆಲ್ಲ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳ ವಿಷವೇ ಮೂಲವೆಂದು ನಂಬಿ, ಹುಳಿಹಾಲು ಕುಡಿಯುವುದೇ ಮದ್ದೆಂದು ಸಾರಿದ. ತಾನೂ ಕುಡಿದ. ಯೂರೋಪಿನಲ್ಲಿ ಹುಳಿಹಾಲಿನ ಹುಚ್ಚೇ ಹಬ್ಬಿತು. ಆದರೆ ಅವನು 1916ರಲ್ಲಿ, 71ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಪ್ರಶ್ನೆ ಚೆನ್ನಾಗಿತ್ತು. ಮದ್ದು ಮಾತ್ರ ಪುರಾವೆಗಿಂತ ಮುಂದೆ ಓಡಿತ್ತು.

ಆ ಪ್ರಶ್ನೆ ಬೇರೊಂದು ರೂಪದಲ್ಲಿ ಮರಳಿ ಬಂದದ್ದು 2000ದಲ್ಲಿ. ಇಟಲಿಯ ಕ್ಲಾಡಿಯೋ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು ಮುಪ್ಪಿನ ಉರಿಯೂತಕ್ಕೆ ಇನ್‌ಫ್ಲಮೇಜಿಂಗ್ ಎಂದು ಹೆಸರಿಟ್ಟರು. ಇದರಲ್ಲಿ ಕೆಂಪೂ ಇಲ್ಲ, ಊತವೂ ಇಲ್ಲ. ಇದು ಬೂದಿ ಮುಚ್ಚಿದ ಕೆಂಡ. ಇಂಟರ್‌ಲ್ಯೂಕಿನ್-6, ಟಿ.ಎನ್.ಎಫ್. ಮೊದಲಾದ ಸಂದೇಶವಾಹಕ ಪ್ರೋಟೀನುಗಳು ರಕ್ತದಲ್ಲಿ ವರ್ಷಗಟ್ಟಲೆ ತುಸು ಹೆಚ್ಚಾಗಿಯೇ ಉಳಿಯುತ್ತವೆ. ಸ್ನಾಯುಗಳ ಸವೆತಕ್ಕೂ ಇದಕ್ಕೂ ನಂಟಿದೆ.

ಮರುವರ್ಷ, 2001ರಲ್ಲಿ, ಅಮೆರಿಕದ ಲಿಂಡಾ ಫ್ರೀಡ್ ಮತ್ತು ತಂಡದವರು ಮುಪ್ಪಿನ ನಿಶ್ಶಕ್ತಿಗೆ ಅಳತೆಗೋಲು ಕೊಟ್ಟರು. ಕಾರಣವಿಲ್ಲದೆ ತೂಕ ಇಳಿಯುವುದು, ಸದಾ ಆಯಾಸ, ಕೈಹಿಡಿತದ ದುರ್ಬಲತೆ, ನಿಧಾನ ನಡಿಗೆ, ಕಡಿಮೆ ಚಟುವಟಿಕೆ: ಈ ಐದರಲ್ಲಿ ಮೂರಿದ್ದರೆ ಅದು ನಿಶ್ಶಕ್ತಿ. 65 ದಾಟಿದ 5,000ಕ್ಕೂ ಹೆಚ್ಚು ಮಂದಿಯಲ್ಲಿ ಶೇಕಡಾ 7ರಷ್ಟು ಜನರಲ್ಲಿ ಇದು ಕಂಡುಬಂತು. ಇಂಥವರಿಗೆ ಒಂದು ಸಣ್ಣ ಜ್ವರ, ಬಚ್ಚಲಲ್ಲಿ ಒಮ್ಮೆ ಜಾರುವುದು ಕೂಡ ಹಾಸಿಗೆ ಹಿಡಿಸಬಲ್ಲದು.

ಇಲ್ಲಿ ಸ್ಟೆಮ್ ಸೆಲ್ ಅಥವಾ ಆಕರಕೋಶಗಳ ಪ್ರವೇಶ. ರಕ್ತ ತಯಾರಿಸುವ ಆಕರಕೋಶಗಳಿಗೆ 1961ರಲ್ಲಿ ಕೆನಡಾದ ಟಿಲ್ ಮತ್ತು ಮೆಕಲಕ್ ಇಲಿಗಳ ಅಸ್ಥಿಮಜ್ಜೆಯಲ್ಲಿ ಸಾಕ್ಷ್ಯ ಒದಗಿಸಿದರು. ಮಜ್ಜೆಯಲ್ಲಿರುವ ಇನ್ನೊಂದು ಬಗೆಯ, ಮೂಳೆ ಕಟ್ಟಬಲ್ಲ ಕೋಶಗಳನ್ನು ರಷ್ಯಾದ ಫ್ರೀಡೆನ್‌ಸ್ಟೈನ್ ಗುರುತಿಸಿದರು. 1991ರಲ್ಲಿ ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್ ಇವನ್ನು ಮೀಸೆಂಕೈಮಲ್ ಸ್ಟೆಮ್ ಸೆಲ್ ಎಂದು ಕರೆದರು. ಸವೆದ ಅಂಗಕ್ಕೆ ಇವು ಹೊಸ ಇಟ್ಟಿಗೆಗಳಾಗುತ್ತವೆ ಎಂಬ ಆಸೆಯಿತ್ತು. ಆದರೆ ದೇಹಕ್ಕೆ ಹಾಕಿದಾಗ ಇವು ಹೆಚ್ಚಾಗಿ ರಾಸಾಯನಿಕ ಸಂದೇಶಗಳನ್ನು ಸೂಸಿ ಉರಿಯೂತವನ್ನು ತಣಿಸುತ್ತವೆ ಎಂದು ಕಂಡಿತು. 2017ರಲ್ಲಿ ಕ್ಯಾಪ್ಲನ್ ತಾವಿಟ್ಟ ಹೆಸರನ್ನು ತಾವೇ ಬದಲಿಸಬೇಕೆಂದರು.

ಅದೇ ವರ್ಷ ಮಿಯಾಮಿ ವಿಶ್ವವಿದ್ಯಾಲಯದ ತಂಡವೊಂದರ ವರದಿ ಹೊರಬಂತು. ನಿಶ್ಶಕ್ತರಾದ 30 ವೃದ್ಧರಲ್ಲಿ ಕೆಲವರಿಗೆ ದಾನಿಗಳ ಮಜ್ಜೆಯ ಕೋಶಗಳನ್ನೂ ಉಳಿದವರಿಗೆ ಬರಿಯ ಹುಸಿಮದ್ದನ್ನೂ ಕೊಡಲಾಗಿತ್ತು. 10 ಕೋಟಿ ಕೋಶ ಪಡೆದವರು ಆರು ನಿಮಿಷಗಳಲ್ಲಿ ಮೊದಲಿಗಿಂತ ಹೆಚ್ಚು ದೂರ ನಡೆದರು, ಅವರ ಟಿ.ಎನ್.ಎಫ್. ಇಳಿಯಿತು. 20 ಕೋಟಿ ಪಡೆದವರಲ್ಲಿ ಅಷ್ಟು ಲಾಭ ಕಾಣಲಿಲ್ಲ. ಆಶಾದಾಯಕವೇನೋ ಹೌದು, ಆದರೆ ಒಂದೊಂದು ಗುಂಪಿನಲ್ಲಿದ್ದವರು ಹತ್ತೇ ಜನ!

ಹುಳಿಹಾಲಿನ ಕಥೆ ಇಲ್ಲಿ ನೆನಪಿಗೆ ಬರಬೇಕು. ಅಜ್ಜ ಅಜ್ಜಿಯರ ಉಳಿತಾಯದ ಹಣಕ್ಕೆ ಯೌವನ ಮಾರುವ ಜಾಹೀರಾತುಗಳು ಪ್ರಯೋಗಾಲಯಕ್ಕಿಂತ ವೇಗವಾಗಿ ಓಡುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ತನ್ನ ಮಾರ್ಗಸೂಚಿಯಲ್ಲಿ, ಅಂಗೀಕೃತ ರಕ್ತಜನಕ ಕೋಶಗಳ ಕಸಿಯನ್ನು ಬಿಟ್ಟರೆ ಉಳಿದ ಆಕರಕೋಶ ಪ್ರಯೋಗಗಳು ನಿಯಮಬದ್ಧ ಪರೀಕ್ಷೆಗಳಲ್ಲಿ ಮಾತ್ರ ನಡೆಯಬೇಕೆಂದದ್ದು ಇದಕ್ಕಾಗಿಯೇ.

ಹಾಗಾದರೆ ಅಲ್ಲಿಯವರೆಗೆ ದಾರಿಯಿಲ್ಲವೇ? ಇದೆ. ಬಾಸ್ಟನ್ನಿನ ವೃದ್ಧಾಶ್ರಮವೊಂದರ 100 ದುರ್ಬಲ ವೃದ್ಧರ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 87. ಅವರಲ್ಲಿ ಹತ್ತು ವಾರ ಭಾರ ಎಳೆಯುವ ವ್ಯಾಯಾಮ ಮಾಡಿದವರ ಸ್ನಾಯುಬಲ ಸರಾಸರಿ ದುಪ್ಪಟ್ಟಿಗೂ ಮೀರಿತು, ನಡಿಗೆ ಚುರುಕಾಯಿತು.

ವಿದ್ಯಾರ್ಥಿ ಮಿತ್ರರೇ, ಈ ವಾರ ಕಿರುತೆರೆಯಲ್ಲಿ ತಜ್ಞರ ಮಾತು ಕೇಳುವಾಗ ಮೂರು ಪ್ರಶ್ನೆಗಳು ನಿಮ್ಮ ಜೊತೆಗಿರಲಿ: ಎಷ್ಟು ಜನರ ಮೇಲೆ? ಎಷ್ಟು ಕಾಲ? ಯಾರೊಡನೆ ಹೋಲಿಸಿ? ಹಾಗೆಯೇ ಸಂಜೆ ಮನೆಯ ಹಿರಿಯರ ಕೈ ಹಿಡಿದು ಒಂದಷ್ಟು ದೂರ ನಡೆಸಿಕೊಂಡು ಬನ್ನಿ.