ಪಕ್ಕದ ಪೆಟ್ಟಿಗೆಯ ಹಾರ್ಡ್ ಡಿಸ್ಕ್: ಹಳೆಯ ಮನೆ ಕಂಪ್ಯೂಟರುಗಳ ದುರ್ಬಲ ಕೊಂಡಿ

ಮನೆಬಳಕೆಗೆಂದು ಮಾರಾಟವಾದ ಮೊದಲ ತಲೆಮಾರಿನ ಕಂಪ್ಯೂಟರುಗಳಲ್ಲಿ ಹಾರ್ಡ್ ಡಿಸ್ಕಿಗೆ ಜಾಗವೇ ಇರಲಿಲ್ಲ. 1977ರ ಆ್ಯಪಲ್ 2, 1982ರ ಕಮೊಡೋರ್ 64, 1984ರ ಮ್ಯಾಕಿಂಟಾಷ್, 1985ರ ಅಟಾರಿ ಎಸ್‌ಟಿ, 1987ರ ಅಮಿಗಾ 500 ಎಲ್ಲವೂ ಕ್ಯಾಸೆಟ್ಟನ್ನೋ ಫ್ಲಾಪಿಯನ್ನೋ ನೆಚ್ಚಿಕೊಂಡು ರೂಪುಗೊಂಡ ಯಂತ್ರಗಳು. ಅವುಗಳ ಪವರ್ ಸಪ್ಲೈಗೆ ಡಿಸ್ಕಿನ ಮೋಟಾರನ್ನು ತಿರುಗಿಸುವಷ್ಟು ಶಕ್ತಿ ಇರಲಿಲ್ಲ. ರಾಮ್ (ROM) ಚಿಪ್ಪಿನಲ್ಲಿದ್ದ ಮೂಲ ತಂತ್ರಾಂಶಗಳಲ್ಲಿ ಹೆಚ್ಚಿನವಕ್ಕೆ ಹಾರ್ಡ್ ಡಿಸ್ಕ್ ಎಂಬ ವಸ್ತುವಿನ ಪರಿಚಯವೂ ಇರಲಿಲ್ಲ. ಹೀಗಾಗಿ ಹಾರ್ಡ್ ಡಿಸ್ಕ್ ಬೇಕೆಂದವರು ಅದನ್ನು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಕರೆಂಟಿನಲ್ಲಿ, ಕೇಬಲ್ ಎಳೆದು ಹೊರಗಿನಿಂದ ಜೋಡಿಸಬೇಕಾಯಿತು. ಆ ಕಾಲದ ಡಿಸ್ಕುಗಳು ಪದೇ ಪದೇ ಕೈಕೊಡುತ್ತಿದ್ದವು ಎಂಬ ಅಪಖ್ಯಾತಿ ಇಂದಿಗೂ ಉಳಿದಿದೆ. ಆದರೆ ತಪ್ಪೆಲ್ಲ ತಿರುಗುವ ತಟ್ಟೆಯದಲ್ಲ. ತಟ್ಟೆಗೂ ಕಂಪ್ಯೂಟರಿಗೂ ನಡುವಿನ ಕೀಲುಗಳಲ್ಲೇ ಹೆಚ್ಚಿನ ತೊಂದರೆ ಹುಟ್ಟುತ್ತಿತ್ತು.

ಡಿಸ್ಕಿನ ತಂತ್ರ ದೊಡ್ಡ ಕಂಪ್ಯೂಟರುಗಳ ಲೋಕದಿಂದ ಬಂದದ್ದು. ಐಬಿಎಂ 1973ರಲ್ಲಿ ಹೊರತಂದ 3340 ಮಾದರಿಯ ಸಂಕೇತನಾಮ ವಿಂಚೆಸ್ಟರ್. ಮುಂದೆ ಆ ಬಗೆಯ ಡಿಸ್ಕುಗಳಿಗೆಲ್ಲ ಅದೇ ಹೆಸರು ನಿಂತಿತು. ಮುಚ್ಚಿದ ಡಬ್ಬಿಯೊಳಗೆ ತಟ್ಟೆ ತಿರುಗುವಾಗ ಏಳುವ ಗಾಳಿಯ ಪದರದ ಮೇಲೆ ಓದು-ಬರಹದ ಹೆಡ್ ತೇಲುತ್ತದೆ. ಎರಡರ ನಡುವಿನ ಅಂತರ ಒಂದು ಮೈಕ್ರಾನಿಗೂ ಕಡಿಮೆ. ತಟ್ಟೆ ನಿಂತಾಗ ಹೆಡ್ ತಟ್ಟೆಯ ಮೇಲೆಯೇ ಇಳಿದು ಕೂರುತ್ತದೆ. ಇಡೀ ಕೋಣೆಯನ್ನು ತಂಪಾಗಿಟ್ಟು, ಯಾರೂ ಅಲುಗಿಸದಂತೆ ಕಾಯ್ದ ಕಂಪ್ಯೂಟರ್ ಕೇಂದ್ರಗಳಲ್ಲಿ ಈ ವ್ಯವಸ್ಥೆ ನಡೆದುಹೋಯಿತು. ಮನೆಯ ಮೇಜಿನ ಮೇಲೆ ಅಂಥ ಕಾವಲು ಇರಲಿಲ್ಲ.

ಆ್ಯಪಲ್ 2ಕ್ಕೆ ಡಿಸ್ಕ್ ಮಾರಿದ ಮೊದಲಿಗರಲ್ಲಿ ಕಾರ್ವಸ್ ಸಿಸ್ಟಮ್ಸ್ ಒಂದು. 1980ರ ಸುಮಾರಿಗೆ ಅದು ಮಾರುತ್ತಿದ್ದ ಪೆಟ್ಟಿಗೆಯಲ್ಲಿ 8 ಇಂಚಿನ ತಟ್ಟೆಗಳಿದ್ದವು, ಸಾಮರ್ಥ್ಯ ಸುಮಾರು 10 ಮೆಗಾಬೈಟ್. ಇಷ್ಟು ದತ್ತಾಂಶದ ನಕಲನ್ನು ಎಲ್ಲಿಡುವುದೆಂಬ ಪ್ರಶ್ನೆಗೆ ಕಾರ್ವಸ್ ಕಂಡುಕೊಂಡ ದಾರಿ ವಿಚಿತ್ರವೆನಿಸಿದರೂ ಜಾಣತನದ್ದು: 'ಮಿರರ್' ಎಂಬ ಸಾಧನದ ಮೂಲಕ ಡಿಸ್ಕಿನಲ್ಲಿದ್ದುದನ್ನು ಸಾಮಾನ್ಯ ವಿಡಿಯೊ ಕ್ಯಾಸೆಟ್ಟಿಗೆ ಇಳಿಸಬಹುದಿತ್ತು. ಡಿಸ್ಕನ್ನು ಮಾರುವಾಗಲೇ ಅದು ಕೆಡುವ ದಿನಕ್ಕೂ ಸಿದ್ಧತೆ ಮಾಡಿಕೊಡಬೇಕೆಂಬ ಈ ತಿಳಿವಳಿಕೆ ಮುಂದಿನ ಅನೇಕ ತಯಾರಕರಲ್ಲಿ ಕಾಣಲಿಲ್ಲ.

ನಿಜವಾದ ತಿರುವು 1980ರಲ್ಲಿ ಬಂತು. ಅಲನ್ ಶುಗಾರ್ಟ್ ಮತ್ತು ಅವರ ಸಂಗಡಿಗರು ಹಿಂದಿನ ವರ್ಷ ಕಟ್ಟಿದ್ದ ಕಂಪನಿ, ಅಂದರೆ ಮುಂದೆ ಸೀಗೇಟ್ ಎಂದು ಹೆಸರಾದದ್ದು, ಫ್ಲಾಪಿ ಡ್ರೈವಿನಷ್ಟೇ ಜಾಗ ಹಿಡಿಯುವ 5.25 ಇಂಚಿನ ಎಸ್‌ಟಿ-506 ಅನ್ನು ಹೊರತಂದಿತು. ಸಾಮರ್ಥ್ಯ 5 ಮೆಗಾಬೈಟ್, ಬೆಲೆ ಸುಮಾರು 1,500 ಡಾಲರ್. ಬೆಲೆ ತಗ್ಗಿಸಲು ಅದರಲ್ಲಿ ಹೆಡ್ಡುಗಳನ್ನು ಸರಿಸುವ ಕೆಲಸವನ್ನು ಸ್ಟೆಪ್ಪರ್ ಮೋಟಾರಿಗೆ ವಹಿಸಲಾಗಿತ್ತು. ಸ್ಟೆಪ್ಪರ್ ಮೋಟಾರು ಎಣಿಸಿದಷ್ಟು ಹೆಜ್ಜೆ ಹಾಕಿ ನಿಲ್ಲುತ್ತದೆ. ತಾನು ನಿಂತ ಕಡೆ ಟ್ರ್ಯಾಕ್ ನಿಜಕ್ಕೂ ಇದೆಯೇ ಎಂದು ನೋಡುವುದಿಲ್ಲ. ಎಸ್‌ಟಿ-506ರಲ್ಲಿ ಇಂಚಿಗೆ 255 ಟ್ರ್ಯಾಕುಗಳು, ಅಂದರೆ ಒಂದರಿಂದ ಇನ್ನೊಂದಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಪೆಟ್ಟಿಗೆ ಬಿಸಿಯಾದಂತೆ ತಟ್ಟೆ, ತೋಳು, ಚೌಕಟ್ಟು ಒಂದೊಂದೂ ತನ್ನದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಬೆಳಗ್ಗೆ ತಣ್ಣಗಿದ್ದಾಗ ಬರೆದದ್ದನ್ನು ಮಧ್ಯಾಹ್ನ ಬಿಸಿಯಲ್ಲಿ ಓದಲು ಹೊರಟರೆ ಹೆಡ್ ಟ್ರ್ಯಾಕಿನ ಅಂಚಿಗೆ ಜಾರಿರುತ್ತಿತ್ತು. ಹೀಗಾಗಿಯೇ ಅನುಭವಸ್ಥರು ಡಿಸ್ಕನ್ನು ಅರ್ಧ ಗಂಟೆ ಓಡಿಸಿ, ಕಾವೇರಿದ ಮೇಲೆ, ಅದನ್ನು ಬಳಸುವ ಭಂಗಿಯಲ್ಲೇ ಇರಿಸಿ ಫಾರ್ಮ್ಯಾಟ್ ಮಾಡುತ್ತಿದ್ದರು. ಮಲಗಿಸಿ ಫಾರ್ಮ್ಯಾಟ್ ಮಾಡಿದ್ದನ್ನು ನಿಲ್ಲಿಸಿ ಬಳಸಿದರೆ ಹೆಡ್ಡಿನ ಭಾರ ಬೀಳುವ ದಿಕ್ಕೇ ಬದಲಾಗುತ್ತಿತ್ತು.

ಇನ್ನೊಂದು ಕೊರತೆ ಪಾರ್ಕಿಂಗಿನದು. ಕರೆಂಟು ಹೋದಾಗ ಹೆಡ್ಡುಗಳು ಎಲ್ಲಿದ್ದವೋ ಅಲ್ಲೇ, ದತ್ತಾಂಶದ ಮೇಲೆಯೇ ಇಳಿಯುತ್ತಿದ್ದವು. ಪೆಟ್ಟಿಗೆಯನ್ನು ಎತ್ತಿ ಇನ್ನೊಂದು ಮೇಜಿಗೆ ಇಡುವ ಮೊದಲು ಹೆಡ್ಡುಗಳನ್ನು ತಟ್ಟೆಯ ಸುರಕ್ಷಿತ ಭಾಗಕ್ಕೆ ಒಯ್ಯುವ ಪ್ರತ್ಯೇಕ ಪ್ರೋಗ್ರಾಮನ್ನು ಓಡಿಸಬೇಕಿತ್ತು. ಮರೆತವರ ಡಿಸ್ಕಿನ ಮೇಲೆ ಗೀರು ಬೀಳುತ್ತಿತ್ತು. ತಾನಾಗಿ ಪಾರ್ಕ್ ಆಗುವ ವಾಯ್ಸ್ ಕಾಯಿಲ್ ಡ್ರೈವುಗಳು ಅಗ್ಗವಾಗಲು ದಶಕದ ಕೊನೆಯವರೆಗೆ ಕಾಯಬೇಕಾಯಿತು.

ಎಸ್‌ಟಿ-506ರ ಯಂತ್ರಭಾಗವನ್ನೇ ಆಧರಿಸಿ ಆ್ಯಪಲ್ 1981ರ ಸೆಪ್ಟೆಂಬರಿನಲ್ಲಿ ಆ್ಯಪಲ್ 3ಕ್ಕೆಂದು ಪ್ರೊಫೈಲ್ ಎಂಬ 5 ಮೆಗಾಬೈಟಿನ ಪೆಟ್ಟಿಗೆಯನ್ನು ತಂದಿತು. ಬೆಲೆ 3,499 ಡಾಲರ್. 1983ರಲ್ಲಿ ಬಂದ ಲೀಸಾ ಕಂಪ್ಯೂಟರಿನ ನೆತ್ತಿಯ ಮೇಲೆ ಕೂರುತ್ತಿದ್ದುದೂ ಇದೇ. ಇದರ ನಿಯಂತ್ರಕ ಬೋರ್ಡಿನಲ್ಲಿ ಜೈಲಾಗ್ ಜೆಡ್8 ಚಿಪ್ ಇತ್ತು. ಸ್ವಿಚ್ ಹಾಕಿದೊಡನೆ ಡಿಸ್ಕ್ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಸಿದ್ಧವಾದ ಮೇಲೆ ಮುಂಭಾಗದ ದೀಪವನ್ನು ಸ್ಥಿರವಾಗಿ ಬೆಳಗಿಸುತ್ತಿತ್ತು. ಕೆಟ್ಟ ಬ್ಲಾಕ್ ಸಿಕ್ಕರೆ ಅದರ ಬದಲಿಗೆ ಕಾದಿರಿಸಿದ ಬ್ಲಾಕೊಂದನ್ನು ಕೊಡುವ ಪಟ್ಟಿಯೂ ಅದರಲ್ಲಿತ್ತು. ಒಂದೊಂದು ಬ್ಲಾಕಿನಲ್ಲಿ 512 ಬೈಟ್ ದತ್ತಾಂಶದ ಜೊತೆ 20 ಬೈಟ್ ಗುರುತಿನ ಟ್ಯಾಗ್ ಇರುತ್ತಿತ್ತು. ಆ ಬ್ಲಾಕ್ ಯಾವ ಫೈಲಿನದು, ಎಷ್ಟನೆಯದು ಎಂಬುದು ಅದರಲ್ಲೇ ಬರೆದಿರುತ್ತಿದ್ದುದರಿಂದ, ಸೂಚಿಪಟ್ಟಿ ಹಾಳಾದರೂ ಲೀಸಾದ ತಂತ್ರಾಂಶ ಟ್ಯಾಗುಗಳನ್ನು ಓದಿ ಫೈಲುಗಳನ್ನು ಮತ್ತೆ ಕಟ್ಟಿಕೊಳ್ಳುತ್ತಿತ್ತು. ಮನೆ ಮತ್ತು ಕಚೇರಿಯ ಮೇಜಿಗೆ ಬಂದ ಡಿಸ್ಕುಗಳಲ್ಲಿ ಇಷ್ಟು ಮುಂಜಾಗ್ರತೆ ಅಪರೂಪ. ಆದರೆ ಪ್ರೊಫೈಲನ್ನು ಮೂಲದಿಂದ ಫಾರ್ಮ್ಯಾಟ್ ಮಾಡಲು ಬೇರೆಯೇ ಜೆಡ್8 ತಂತ್ರಾಂಶ ಮತ್ತು ಒಂದು ಆ್ಯಪಲ್ 3 ಬೇಕಿತ್ತು. ಅವೆರಡೂ ಇರುತ್ತಿದ್ದದ್ದು ರಿಪೇರಿ ಕೇಂದ್ರದಲ್ಲಿ. ಕೊಂಡವರ ಕೈಯಲ್ಲಿ ಅಲ್ಲ.

ಎಸ್‌ಟಿ-506 ಸಂಪರ್ಕದ ಮತ್ತೊಂದು ದೋಷವನ್ನು ಬಳಕೆದಾರರು ತಡವಾಗಿ ಅರಿತರು. ತಟ್ಟೆಯ ಮೇಲೆ ದತ್ತಾಂಶ ಯಾವ ರೂಪದಲ್ಲಿ ಕೂರಬೇಕೆಂದು ತೀರ್ಮಾನಿಸುತ್ತಿದ್ದದ್ದು ಡ್ರೈವ್ ಅಲ್ಲ, ನಿಯಂತ್ರಕ ಬೋರ್ಡ್. ಬೋರ್ಡ್ ಸುಟ್ಟು ಬೇರೆ ಬಗೆಯದನ್ನು ಹಾಕಿದರೆ, ಸ್ವಲ್ಪವೂ ಕೆಡದ ತಟ್ಟೆ ಕೂಡ ಖಾಲಿಯಂತೆ ಕಾಣುತ್ತಿತ್ತು.

1985ರ ಸೆಪ್ಟೆಂಬರಿನಲ್ಲಿ ಬಂದ ಮ್ಯಾಕಿಂಟಾಷಿನ ಹಾರ್ಡ್ ಡಿಸ್ಕ್ 20 ಇನ್ನೊಂದು ಇಕ್ಕಟ್ಟನ್ನು ತೋರಿಸುತ್ತದೆ. 20 ಮೆಗಾಬೈಟಿನ ಈ ಪೆಟ್ಟಿಗೆಗೆ ಮ್ಯಾಕಿನಲ್ಲಿ ಸಿಕ್ಕಿದ್ದು ಫ್ಲಾಪಿ ಡ್ರೈವಿನ ಸಾಕೆಟ್ ಮಾತ್ರ. ವೇಗ ಕಡಿಮೆ. ಅಂದಿನ 64 ಕಿಲೋಬೈಟಿನ ರಾಮ್‌ಗೆ ಈ ಡಿಸ್ಕಿನಿಂದ ನೇರವಾಗಿ ಏಳುವುದು ಗೊತ್ತಿಲ್ಲದ ಕಾರಣ ಪ್ರತಿಸಲ ಫ್ಲಾಪಿ ಹಾಕಿಯೇ ಶುರು ಮಾಡಬೇಕಿತ್ತು. ಮರುವರ್ಷ ಜನವರಿಯ ಮ್ಯಾಕ್ ಪ್ಲಸ್‌ನಲ್ಲಿ ಹಲವು ಸಾಧನಗಳನ್ನು ಸಾಲಾಗಿ ಜೋಡಿಸಬಹುದಾದ ಸ್ಕಸಿ (SCSI) ಸಾಕೆಟ್ ಬಂತು. ಅದು ದೊಡ್ಡ ಹೆಜ್ಜೆಯೇ ಸರಿ, ಆದರೆ ಸ್ಕಸಿಗೆ ತನ್ನದೇ ಕಟ್ಟುಪಾಡುಗಳಿದ್ದವು. ಸಾಧನಗಳ ಸಾಲಿನ ಎರಡೂ ತುದಿಯಲ್ಲಿ ಸಂಕೇತ ಮರಳದಂತೆ ತಡೆಯುವ ಟರ್ಮಿನೇಟರ್ ಇರಬೇಕು, ನಡುವೆ ಇರಬಾರದು. ಎರಡು ಸಾಧನಗಳಿಗೆ ಒಂದೇ ಸಂಖ್ಯೆ ಇರಬಾರದು. ಮ್ಯಾಕ್ ಪ್ಲಸ್ ಟರ್ಮಿನೇಟರಿಗೆ ಬೇಕಾದ ವಿದ್ಯುತ್ತನ್ನೇ ಕೊಡುತ್ತಿರಲಿಲ್ಲ, ಅದನ್ನು ಹೊರಗಿನ ಡಿಸ್ಕೇ ಕೊಡಬೇಕಿತ್ತು. 50 ತಂತಿಗಳ ಕೇಬಲ್ಲಿನ ಬದಲು ಆ್ಯಪಲ್ 25 ಪಿನ್ನುಗಳ ಸಾಕೆಟ್ ಬಳಸಿದ್ದರಿಂದ ನೆಲಸಂಪರ್ಕದ ತಂತಿಗಳೂ ಕಡಿಮೆಯಾದವು. ಕೇಬಲ್ ಉದ್ದವಾದರೆ, ಇಲ್ಲವೇ ಅಗ್ಗದ್ದಾದರೆ, ಒಂದು ದಿನ ಡಿಸ್ಕ್ ಕಾಣುತ್ತಿತ್ತು, ಮರುದಿನ ಕಾಣುತ್ತಿರಲಿಲ್ಲ. ಇಂಥ ತೊಂದರೆಯನ್ನು ಜನ ಡಿಸ್ಕ್ ಕೆಟ್ಟಿತೆಂದೇ ಎಣಿಸಿದರು.

ಅಟಾರಿ ಎಸ್‌ಟಿ ಹುಟ್ಟುವಾಗಲೇ ಹಾರ್ಡ್ ಡಿಸ್ಕಿಗೆಂದು ಎಸಿಎಸ್‌ಐ ಎಂಬ ಸಾಕೆಟ್ ಪಡೆದಿತ್ತು. ಈ ದೂರದೃಷ್ಟಿಗೆ ಅಟಾರಿಯನ್ನು ಮೆಚ್ಚಬೇಕು. 20 ಮೆಗಾಬೈಟಿನ ಎಸ್‌ಎಚ್204, ಆಮೇಲೆ ಮೆಗಾಫೈಲ್ ಸರಣಿ ಇದಕ್ಕೆ ಜೋಡಣೆಯಾಗುತ್ತಿದ್ದವು. ಅಟಾರಿಯ ಹಳೆಯ ಡಿಸ್ಕುಗಳಲ್ಲಿ ದತ್ತಾಂಶ ಹಾಳಾದ ಪ್ರಸಂಗಗಳಿಗೆ ಎಷ್ಟೋ ಸಲ ಕಾರಣ ಟಾಸ್ ಎಂಬ ಅದರ ಕಾರ್ಯಾಚರಣ ವ್ಯವಸ್ಥೆ. ಟಾಸ್‌ನ ಮೊದಲ ಆವೃತ್ತಿಗಳು ತೆರೆದ ಪ್ರತಿ ಫೋಲ್ಡರಿಗೂ ಒಂದು ಸೀಮಿತ ಸ್ಮೃತಿಭಾಗದಲ್ಲಿ ಜಾಗ ಹಿಡಿದು ಅದನ್ನು ಬಿಟ್ಟುಕೊಡುತ್ತಿರಲಿಲ್ಲ. ಸುಮಾರು ನಲವತ್ತು ಫೋಲ್ಡರುಗಳ ನಂತರ ಜಾಗ ತೀರಿ ಫೋಲ್ಡರುಗಳು ಮಾಯವಾಗುತ್ತಿದ್ದವು, ಮುಂದುವರಿದು ಬರೆದರೆ ದತ್ತಾಂಶವೇ ಹಾಳಾಗುತ್ತಿತ್ತು. ಫ್ಲಾಪಿಯಲ್ಲಿ ನಲವತ್ತು ಫೋಲ್ಡರು ಇರುವುದೇ ಅಪರೂಪವಾದ್ದರಿಂದ ಈ ದೋಷ ಹಾರ್ಡ್ ಡಿಸ್ಕ್ ಬರುವವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಟಾರಿ ಫೋಲ್ಡರ್‌ಎಕ್ಸ್‌ಎಕ್ಸ್‌ಎಕ್ಸ್ ಎಂಬ ಚಿಕ್ಕ ಪ್ರೋಗ್ರಾಮನ್ನು ಕೊಟ್ಟಿತು. ಹೆಸರಿನ ಕೊನೆಯ ಮೂರು ಅಕ್ಷರಗಳ ಜಾಗದಲ್ಲಿ ಬೇಕಾದ ಸಂಖ್ಯೆ ಬರೆದರೆ ಅಷ್ಟು ಹೆಚ್ಚು ಫೋಲ್ಡರುಗಳಿಗೆ ಅವಕಾಶ ಆಗುತ್ತಿತ್ತು. 1989ರ ಟಾಸ್ 1.04 ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿತು. ಅದೇ ವರ್ಷ ಬಂದ ಎಸ್‌ಟಿಇ ಮಾದರಿಯ ಆರಂಭದ ಕೆಲವು ಯಂತ್ರಗಳಲ್ಲಿ ಮಾತ್ರ ಡಿಎಂಎ ಚಿಪ್ಪಿನ ದೋಷದಿಂದ ಹಾರ್ಡ್ ಡಿಸ್ಕಿಗೆ ತಪ್ಪು ಬರಹ ಹೋಗುತ್ತಿತ್ತು. ಅಂಥಲ್ಲಿ ಡಿಸ್ಕ್ ಬದಲಿಸಿ ಉಪಯೋಗವಿರಲಿಲ್ಲ, ಚಿಪ್ಪನ್ನೇ ಬದಲಿಸಬೇಕಿತ್ತು.

ಅಮಿಗಾ 500ಕ್ಕೆ ಕಮೊಡೋರ್ ತಂದ ಎ590 ಕೇಬಲ್ಲನ್ನೇ ಬಿಟ್ಟುಬಿಟ್ಟಿತು. ಕಂಪ್ಯೂಟರಿನ ಎಡಬದಿಯಲ್ಲಿ ಬೋರ್ಡಿನ ಅಂಚೇ 86 ಸಂಪರ್ಕಬಿಂದುಗಳ ಕನೆಕ್ಟರಾಗಿ ಹೊರಚಾಚಿರುತ್ತಿತ್ತು. ಡಿಸ್ಕಿನ ಪೆಟ್ಟಿಗೆಯನ್ನು ಅದಕ್ಕೆ ಒತ್ತಿ ಕೂರಿಸಿದರೆ ಮುಗಿಯಿತು. ಇದರಿಂದ ಕೇಬಲ್ಲಿನ ತಾಪತ್ರಯ ತಪ್ಪಿತಾದರೂ, ಮೇಜು ಅಲುಗಿದರೆ, ಕೀಬೋರ್ಡನ್ನು ಕೊಂಚ ಸರಿಸಿದರೆ, ಅಂಚಿನ ಮೇಲೆ ಕಿಲುಬು ಹಿಡಿದರೆ ಪ್ರೊಸೆಸರಿನ ಸಂಕೇತಗಳೇ ಕಡಿದು ಯಂತ್ರ ಸ್ತಬ್ಧವಾಗುತ್ತಿತ್ತು. ಬರೆಯುತ್ತಿರುವಾಗ ಹೀಗಾದರೆ ಮುಂದಿನ ಸಲ ಶುರು ಮಾಡಿದಾಗ ಅಮಿಗಾ ಡಿಸ್ಕನ್ನು ಮೊದಲು ಪೂರ್ತಿ ಪರಿಶೀಲಿಸುತ್ತಿತ್ತು. ಪರಿಶೀಲನೆ ಮುಗಿಯುವವರೆಗೆ ಅದರ ಮೇಲೆ ಏನನ್ನೂ ಬರೆಯುವಂತಿರಲಿಲ್ಲ. ಕಮೊಡೋರಿನ ಎಂಜಿನಿಯರ್ ಡೇವ್ ಹೇನಿ ಬರೆದ ಡಿಸ್ಕ್‌ಸಾಲ್ವ್ ಇಂಥ ಡಿಸ್ಕುಗಳಿಂದ ಫೈಲುಗಳನ್ನು ಎತ್ತಿಕೊಡುವ ಮುಖ್ಯ ಸಾಧನವಾಯಿತು. ಎ590ರ ಒಳಗಿದ್ದದ್ದು ಎಕ್ಸ್‌ಟಿ ಬಗೆಯ 20 ಮೆಗಾಬೈಟ್ ಡ್ರೈವ್. ಆ ಬಗೆ ಬೇಗನೆ ಮಾರುಕಟ್ಟೆಯಿಂದ ಮರೆಯಾದ್ದರಿಂದ ಕೆಟ್ಟರೆ ಬದಲಿ ಸಿಗುವುದು ಕಷ್ಟವಾಯಿತು. ಅದೇ ಬೋರ್ಡಿನಲ್ಲಿ ಸ್ಕಸಿ ಕನೆಕ್ಟರನ್ನೂ ಇಟ್ಟಿದ್ದರಿಂದ ಎಷ್ಟೋ ಎ590ಗಳು ಬದುಕಿಕೊಂಡವು.

ಆ ಕಾಲದ ಡಿಸ್ಕುಗಳಿಗೆಲ್ಲ ಸಾಮಾನ್ಯವಾಗಿದ್ದ ಒಂದು ರೋಗಕ್ಕೆ ತಂತ್ರಜ್ಞರು ಕೊಟ್ಟ ಹೆಸರು ಸ್ಟಿಕ್ಷನ್. ನುಣುಪಾದ ಹೆಡ್ ನುಣುಪಾದ ತಟ್ಟೆಯ ಮೇಲೆ ಕೂತಾಗ ತಟ್ಟೆಗೆ ಲೇಪಿಸಿದ ತೆಳು ಎಣ್ಣೆ ಎರಡನ್ನೂ ಅಂಟಿಸಿಬಿಡುತ್ತಿತ್ತು. ಸ್ವಿಚ್ ಹಾಕಿದರೆ ಮೋಟಾರು ಒಮ್ಮೆ ಮಿಡುಕಿ ಸುಮ್ಮನಾಗುತ್ತಿತ್ತು. ಇಂಥಲ್ಲಿ ಬಳಕೆದಾರರು ಡ್ರೈವನ್ನು ಅಂಗೈಯಲ್ಲಿ ಮಲಗಿಸಿ, ತಟ್ಟೆ ತಿರುಗುವ ಅಕ್ಷದ ಸುತ್ತ ಒಮ್ಮೆ ಚುರುಕಾಗಿ ತಿರುವಿ ಬಿಡಿಸುತ್ತಿದ್ದರು. ಬಿಟ್ಟುಕೊಂಡ ಡಿಸ್ಕ್ ಆ ದಿನ ಓಡುತ್ತಿತ್ತು. ಅದಕ್ಕೇ ಕೆಲವರು ಡಿಸ್ಕನ್ನು ವಾರಗಟ್ಟಲೆ ಆರಿಸದೆ ಬಿಡುತ್ತಿದ್ದರು. ಡ್ರೈವಿನ ತಳದಲ್ಲಿ ಅಕ್ಷದ ತುದಿಗೆ ತಾಗಿರುವ ಲೋಹದ ಪಟ್ಟಿ ಸವೆದು ಕಿರುಗುಟ್ಟುವುದೂ ಸಾಮಾನ್ಯವಾಗಿತ್ತು. ಕೇಳಿದವರು ಗಾಬರಿಗೊಳ್ಳುತ್ತಿದ್ದರು, ಆದರೆ ಸ್ಥಾಯಿವಿದ್ಯುತ್ತನ್ನು ನೆಲಕ್ಕಿಳಿಸುವ ಆ ಪಟ್ಟಿಯ ಸದ್ದು ನಿರಪಾಯದ್ದು.

ಇಷ್ಟೆಲ್ಲ ಇದ್ದೂ ನಕಲು ತೆಗೆದಿಡುವವರು ಕಡಿಮೆ. ಅಮಿಗಾದ 880 ಕಿಲೋಬೈಟಿನ ಫ್ಲಾಪಿಗಳಿಗೆ 20 ಮೆಗಾಬೈಟ್ ಇಳಿಸಲು ಇಪ್ಪತ್ತಮೂರು-ಇಪ್ಪತ್ತನಾಲ್ಕು ಫ್ಲಾಪಿ ಬೇಕು, ಒಂದೊಂದನ್ನೂ ಕೈಯಿಂದ ಬದಲಿಸುತ್ತ ಕೂರಬೇಕು. ಫ್ಲಾಪಿ ಬದಲಿಸುವ ಬೇಸರದಿಂದ ಪಾರಾಗಲೆಂದೇ ಹಾರ್ಡ್ ಡಿಸ್ಕ್ ಕೊಂಡವರಿಗೆ ಇದು ಒಗ್ಗಲಿಲ್ಲ.

ಹೊರಪೆಟ್ಟಿಗೆಯ ಅಧ್ಯಾಯ ನಿಧಾನವಾಗಿ ಮುಗಿಯಿತು. 1987ರ ಮ್ಯಾಕಿಂಟಾಷ್ ಎಸ್‌ಇ ಡಿಸ್ಕನ್ನು ಒಳಗೇ ಕೂರಿಸಿಕೊಂಡಿತು. 1992ರ ಅಮಿಗಾ 600, ಅಮಿಗಾ 1200, ಅಟಾರಿ ಫಾಲ್ಕನ್‌ಗಳಲ್ಲಿ 2.5 ಇಂಚಿನ ಐಡಿಇ ಡಿಸ್ಕಿಗೆ ಒಳಗೇ ಜಾಗವಿತ್ತು. ನಿಯಂತ್ರಕ ಡ್ರೈವಿನ ಮೈಗೇ ಸೇರಿಕೊಂಡಿತು, ಹೆಡ್ ತಾನಾಗಿ ಪಾರ್ಕ್ ಆಗತೊಡಗಿತು, ಉದ್ದದ ಕೇಬಲ್ ಹೋಯಿತು. ಹಳೆಯ ತೊಂದರೆಗಳಲ್ಲಿ ಹಲವು ಈ ಬದಲಾವಣೆಗಳ ಜೊತೆಗೇ ಹೋದವು.

ಈಗ ಉಳಿದಿರುವ ಪೆಟ್ಟಿಗೆಗಳನ್ನು ಕಾಡುತ್ತಿರುವುದು ವಯಸ್ಸು. ಪವರ್ ಸಪ್ಲೈನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಸೋರಿ ಬೋರ್ಡನ್ನು ತಿನ್ನುತ್ತವೆ. ಮೇನ್ಸ್ ಫಿಲ್ಟರಿನ ಹಳೆಯ ಕಾಗದದ ಕೆಪಾಸಿಟರುಗಳು ಬಿರುಕುಬಿಟ್ಟು, ಕರೆಂಟು ಕೊಟ್ಟ ಕೆಲವೇ ನಿಮಿಷದಲ್ಲಿ ಹೊಗೆಯುಗುಳುತ್ತವೆ. 1990ರ ಸುಮಾರಿನ ಕ್ವಾಂಟಮ್ ಪ್ರೊಡ್ರೈವ್‌ಗಳಲ್ಲಿ ಹೆಡ್ಡಿನ ತೋಳನ್ನು ತಡೆಯುವ ರಬ್ಬರ್ ತುಂಡು ಕರಗಿ ಅಂಟಾಗಿ ತೋಳನ್ನೇ ಹಿಡಿದುಕೊಳ್ಳುತ್ತದೆ. ಸಂಗ್ರಾಹಕರಲ್ಲಿ ಅನೇಕರು ಇಂದು ಮೂಲ ಡ್ರೈವನ್ನು ಬದಿಗಿಟ್ಟು ಮೆಮೊರಿ ಕಾರ್ಡಿನಿಂದ ಕೆಲಸ ಮಾಡುವ ಬ್ಲೂಸ್ಕಸಿ, ಸ್ಕಸಿ2ಎಸ್‌ಡಿ, ಅಲ್ಟ್ರಾಸಾಟನ್ ಮುಂತಾದವನ್ನು ಜೋಡಿಸುತ್ತಾರೆ. ದಿನನಿತ್ಯದ ಬಳಕೆಗೆ ಅದೇ ಸರಿ. ಆದರೆ ಹಳೆಯ ತಟ್ಟೆಗಳ ಮೇಲೆ ಇನ್ನೂ ಯಾರದೋ ಬರಹ, ಸಂಗೀತ, ಪ್ರೋಗ್ರಾಮುಗಳು ಉಳಿದಿರಬಹುದು. ಅಂಥ ಪೆಟ್ಟಿಗೆ ಕೈಗೆ ಸಿಕ್ಕವರು ನೇರವಾಗಿ ಸ್ವಿಚ್ ಒತ್ತಬಾರದು. ಮೊದಲು ಪವರ್ ಸಪ್ಲೈಯನ್ನು ಬಲ್ಲವರಿಂದ ಬೇರೆಯಾಗಿ ಪರೀಕ್ಷಿಸಬೇಕು, ಕೇಬಲ್ ಮತ್ತು ಟರ್ಮಿನೇಟರ್ ನೋಡಿಕೊಳ್ಳಬೇಕು. ಡಿಸ್ಕ್ ಒಮ್ಮೆ ತಿರುಗಿತೆಂದರೆ ಫೈಲುಗಳನ್ನು ತೆರೆದು ನೋಡುತ್ತ ಕೂರದೆ ಅದೇ ಸಲ ಇಡೀ ಡಿಸ್ಕಿನ ಪ್ರತಿ ತೆಗೆದುಕೊಳ್ಳಬೇಕು. ಎರಡನೆಯ ಸಲ ಅದು ತಿರುಗುತ್ತದೆಂಬ ಖಾತ್ರಿಯಿಲ್ಲ.